ಟವೆಲ್ಲಿನಡಿಯ ಜಪಾನ್ ಪಟ್ಟು

ಚನ್ನಮಲ್ಲಪ್ಪನ ಕಷ್ಟಕ್ಕೆಲ್ಲ ಮೂಲ ಅವನ ಬಲಗೈ. ಊನವೇನೂ ಇರಲಿಲ್ಲ, ಉಳುವುದಕ್ಕೂ ಉಣ್ಣುವುದಕ್ಕೂ ಚೆನ್ನಾಗಿಯೇ ಇತ್ತು. ಆದರೆ ಶನಿವಾರಸಂತೆಯಲ್ಲಿ ದನದ ವ್ಯಾಪಾರ ಬಾಯಲ್ಲಿ ನಡೆಯುವುದಿಲ್ಲವಲ್ಲ! ಕೊಳ್ಳುವವನೂ ಮಾರುವವನೂ ಟವೆಲ್ಲಿನಡಿ ಕೈ ಸೇರಿಸಿ, ಬೆರಳು ಹಿಡಿದೇ ಬೆಲೆ ಹೇಳಬೇಕು, ಬೆರಳು ಹಿಡಿದೇ ಚೌಕಾಸಿ ಮಾಡಬೇಕು. ದಲ್ಲಾಳಿ ಸಣ್ಣಸ್ವಾಮಿಯ ಹಿಡಿತವೋ, ಥೇಟ್ ಅಡಕತ್ತರಿ. ಬೆರಳು ವಾಪಸ್ಸು ಸಿಕ್ಕರೆ ಸಾಕೆಂದು ಚನ್ನಮಲ್ಲಪ್ಪ ಯಾವ ಬೆಲೆಗಾದರೂ ಒಪ್ಪಿಬಿಡುತ್ತಿದ್ದ. ಹೋದ ವರ್ಷ ಹಾಗೆ ಒಪ್ಪಿ ತಂದ ಎತ್ತು ನೇಗಿಲು ಕಂಡೊಡನೆ ಮಲಗಿಬಿಡುತ್ತಿತ್ತು. ಉಳುಮೆಗೆ ಉಳಿದದ್ದು ಮನೆಯ ಹಳೆಯ ಎತ್ತು ಕೆಂಚ ಒಂದೇ.

"ಮಳೆ ಹಿಡಿಯೋದ್ರೊಳಗೆ ಕೆಂಚನಿಗೆ ನೆಟ್ಟಗಿರೋ ಜೊತೆ ಬೇಕು ಕಣ್ರೀ," ಎಂದಳು ಹೆಂಡತಿ ರುದ್ರಮ್ಮ, ಸಂತೆಗೆ ಹೊರಟವನ ದಾರಿಗೆ ಅಡ್ಡ ನಿಂತು. "ಇಲ್ದಿದ್ರೆ ಈ ವರ್ಷ ಗದ್ದೆ ಬೀಳು. ಮಲಗೋ ಎತ್ತು ಮಾತ್ರ ಇನ್ನೊಂದು ತರಬೇಡಿ."

ಈ ಮಾತು ಬೇಲಿ ದಾಟಿ ಪಕ್ಕದ ಮನೆಯ ಹವಾಲ್ದಾರ್ ಪುಟ್ಟರಾಜುವಿನ ಕಿವಿಗೆ ಬಿತ್ತು. ಇನ್ನು ಕೇಳಬೇಕೆ! ಯುದ್ಧ ಮುಗಿದ ಮೇಲೆ ಪಲ್ಟನ್ನಿನ ಜೊತೆ ಜಪಾನಿನಲ್ಲಿದ್ದು ಬಂದ ಆಸಾಮಿ ಆತ. ಅಲ್ಲಿ ಮುರಿದ ಮೂಳೆ ಕೂಡಿಸುವ ಮುದುಕನೊಬ್ಬನಿಂದ ಜುಜುತ್ಸು ಎಂಬ ಪಟ್ಟಿನ ವಿದ್ಯೆ ಕಲಿತಿದ್ದ. ಕಲಿತದ್ದನ್ನು ತೋರಿಸಲು ಊರಿನಲ್ಲಿ ಒಂದು ಕೈಯೂ ಸಿಗದೆ ಚಡಪಡಿಸುತ್ತಿದ್ದ.

"ಚನ್ನಮಲ್ಲಣ್ಣ, ಬಾ ಇಲ್ಲಿ. ನನ್ನ ಕೈ ಹಿಡ್ಕೊ. ಗಟ್ಟಿಯಾಗಿ ಹಿಡಿಯಪ್ಪಾ!"

ಚನ್ನಮಲ್ಲಪ್ಪ ಹಿಡಿದ. ಪುಟ್ಟರಾಜು ಸೊಂಟ ಬಾಗಿಸಿ ವಂದಿಸಿದ. ಮರುಕ್ಷಣ ಅವನ ಎಡಗೈಯ ಅಂಚು ಕತ್ತಿಯ ಹಾಗೆ ಬೀಸಿ ಬಂದು ಚನ್ನಮಲ್ಲಪ್ಪನ ಮೂಗಿನ ಮುಂದೆ ಗಕ್ಕನೆ ನಿಂತಿತು. ಇವನು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕೊಟ್ಟಿಗೆಯ ಮುಂದೆ ಮಂಡಿಯೂರಿ ಕೂತಿದ್ದ.

"ನೋವಾಗ್ತಿದೆಯಾ?"

"ಇಲ್ಲ. ಎದ್ರೆ ಆಗತ್ತೆ."

"ಹಂಗಾರೆ ಏಳಬೇಡ, ಕೇಳು. ಇದಕ್ಕೆ ಶಕ್ತಿ ಬೇಡ ಅಣ್ಣ. ಆ ಮುದುಕ ನಿನ್ನ ಅರ್ಧ ಇದ್ದ, ನನ್ನಂಥೋರ್ನ ಮಕ್ಕಳ ಹಂಗೆ ಕೂರಿಸ್ತಿದ್ದ. ಕೈ ಬೀಸೋದು ಹೊಡೆಯೋಕಲ್ಲ, ಅವನ ಮನಸ್ಸನ್ನ ಮೂಗಿನ ಹತ್ರ ಕಳಿಸೋಕೆ. ಮನಸ್ಸು ಅಲ್ಲಿಗೆ ಹೋದಾಗ ಮಣಿಕಟ್ಟು ಅನಾಥ ಆಗತ್ತೆ. ಹಿಂಗೈ ಮೇಲೆ ಹೆಬ್ಬೆರಳು ಇಡು, ಹೊರಕ್ಕೆ ತಿರುಗಿಸು. ಅವನು ಸಾಕು ಅಂದ ತಕ್ಷಣ ಬಿಡು."

ಚನ್ನಮಲ್ಲಪ್ಪನಿಗೆ ಕಣ್ಣು ತುಂಬಿ ಬಂತು. ನೋವಿಗಲ್ಲ, ಮೆಚ್ಚುಗೆಗೆ. ಒಂದು ಮೂಳೆಯನ್ನೂ ಮುರಿಯದೆ, ಬೆವರನ್ನೂ ಸುರಿಸದೆ ಮನುಷ್ಯನನ್ನು ಇಷ್ಟು ಮರ್ಯಾದೆಯಿಂದ ಮಣ್ಣಿಗೆ ಕೂರಿಸುವ ವಿದ್ಯೆ ಲೋಕದಲ್ಲಿದೆ ಎಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಹವಾಲ್ದಾರನ ಮಣಿಕಟ್ಟು ಊದಿಕೊಳ್ಳುವವರೆಗೆ ಅಭ್ಯಾಸ ಮಾಡಿ ಸಂತೆಗೆ ಹೊರಟ.

"ಬನ್ನಿ ಬನ್ನಿ ಯಜಮಾನ್ರೆ, ನಿಮ್ಗೇ ಅಂತ ಒಂದು ಎತ್ತು ಇಟ್ಟಿದೀನಿ," ಎಂದು ಸಣ್ಣಸ್ವಾಮಿ ಟವೆಲ್ ಹರಡಿದ. ಸುತ್ತ ಜನ ಸೇರಿದರು. ಚನ್ನಮಲ್ಲಪ್ಪ ವ್ಯಾಪಾರ ಮಾಡುವುದು ಸಂತೆಗೆ ವರ್ಷವರ್ಷದ ತಮಾಷೆ. ಅಡಕತ್ತರಿ ಬಿಗಿಯಿತು. ಚನ್ನಮಲ್ಲಪ್ಪ ಬಾಗಿ ವಂದಿಸಿದ. ಎಡಗೈ ಬೀಸಿದ. ಟವೆಲ್ಲಿನಡಿ ಹೆಬ್ಬೆರಳು ತನ್ನ ಜಾಗ ಹುಡುಕಿಕೊಂಡಿತು.

"ಅಯ್ಯಯ್ಯೋ! ಸಾಕು, ಸಾಕ್ರೀ!"

ಚನ್ನಮಲ್ಲಪ್ಪ ತಕ್ಷಣ ಬಿಟ್ಟ. ನೋಡುತ್ತಾನೆ, ಸಂತೆಗೆ ಸಂತೆಯನ್ನೇ ಬಗ್ಗಿಸಿದ ಸಣ್ಣಸ್ವಾಮಿ ಟವೆಲ್ ತಲೆ ಮೇಲೆ ಹೊದ್ದು ಸಗಣಿಯ ಮೇಲೆ ಕೂತಿದ್ದಾನೆ! ಜನ ಭಲೇ ಭಲೇ ಎಂದು ಕೂಗಿದರು. "ಎಂಥಾ ಕೈಯಪ್ಪಾ ನಿಂದು, ಬಂಗಾರ!" ಎಂದು ವೀಳ್ಯದೆಲೆ ಮಾರುವ ದೊಡ್ಡಿ ಎಂಬಾಕೆ ಎಲೆಯನ್ನು ಪುಕ್ಕಟೆ ಕೊಟ್ಟಳು. ಆದರೆ ಕೈಗೆ ಕೊಡಲಿಲ್ಲ. ನೆಲದ ಮೇಲಿಟ್ಟು ಕೋಲಿನಿಂದ ಮುಂದಕ್ಕೆ ತಳ್ಳಿದಳು.

ತಂಟೆ ಶುರುವಾದದ್ದು ಅಲ್ಲಿಂದ. ಕೊಡ್ಲಿಪೇಟೆಯ ಪರಮೇಶಪ್ಪನ ಹತ್ತಿರ ಒಂದು ಬಿಳಿ ಎತ್ತಿತ್ತು. ಅಬ್ಬ, ಕೆಂಚನಿಗೆ ಹೇಳಿ ಮಾಡಿಸಿದ ಜೊತೆ! ಚನ್ನಮಲ್ಲಪ್ಪ ಟವೆಲ್ ಬಿಚ್ಚುತ್ತಿದ್ದಂತೆ ಪರಮೇಶಪ್ಪ ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ.

"ನಿಮ್ಮಂಥ ಕಲಿಗಳಿಗೆ ಕೊಡೋದು ನಂಗೂ ಹೆಮ್ಮೇನೇ. ಆದ್ರೆ ಬೆಳಿಗ್ಗೆ ನಾನು ಹಾಲು ಕರೀಬೇಕಲ್ಲ."

"ಬಾಯಲ್ಲೇ ಹೇಳಿ ಹಂಗಾರೆ."

"ಥೂ! ಬಾಯಲ್ಲಿ ಬೆಲೆ ಹೇಳೋಕೆ ನಾನೇನು ಎತ್ತು ಕದ್ದು ತಂದಿದೀನಾ?"

ಒಬ್ಬನಿಗೆ ಉಗುರುಸುತ್ತು, ಇನ್ನೊಬ್ಬನಿಗೆ ಕಜ್ಜಿ. ಎಲ್ಲರೂ ಬಾಯಿ ತುಂಬ ಹೊಗಳುವವರೇ, ಟವೆಲ್ಲಿಗೆ ಕೈ ಹಾಕುವವರು ಮಾತ್ರ ಇಲ್ಲ. ಅವನು ಹೋದಲ್ಲೆಲ್ಲ ಜನ ಕೈ ಹಿಂದಕ್ಕೆ ಕಟ್ಟಿಕೊಂಡು ಅಮಲ್ದಾರರ ಹಾಗೆ ನಿಂತರು. ಹೊತ್ತು ಇಳಿಯಿತು, ಸಂತೆ ಕರಗತೊಡಗಿತು. ಬೀಳು ಬೀಳಲಿರುವ ಗದ್ದೆ ನೆನೆದು ಚನ್ನಮಲ್ಲಪ್ಪನಿಗೆ ಅಳುವೇ ಬಂತು.

ಆಗ ಸಣ್ಣಸ್ವಾಮಿ ಕೈಗೆ ಎಣ್ಣೆ ಸವರಿಕೊಂಡು ಬಂದ.

"ಗುರುಗಳೇ, ಎಂಥಾ ವಿದ್ಯೆ ನಿಮ್ದು! ಅದನ್ನ ನಂಗೂ ಹೇಳ್ಕೊಡಿ. ಆ ಬಿಳಿ ಎತ್ತು ನಾನು ಕೊಡಿಸ್ತೀನಿ."

ಜೀವಮಾನದಲ್ಲಿ ಯಾರೂ ಅವನನ್ನು ಗುರು ಎಂದು ಕರೆದಿರಲಿಲ್ಲ. ಗಾಡಿಗಳ ಮರೆಯಲ್ಲಿ ಪಾಠ ಶುರುವಾಯಿತು. "ಹಿಸುಕಬೇಡಿ, ತಿರುಗಿಸಿ. ಹೆಬ್ಬೆರಳು ಇನ್ನೂ ಸ್ವಲ್ಪ ಮೇಲೆ. ಅಯ್ಯೋ ಅಲ್ಲಲ್ಲ!" ಎತ್ತು, ಸಂತೆ, ರುದ್ರಮ್ಮ ಎಲ್ಲ ಮರೆತೇಹೋಯಿತು. ಶಿಷ್ಯನ ಹೆಬ್ಬೆರಳು ಮಾತ್ರ ಪ್ರತಿ ಸಲವೂ ಒಂದಿಷ್ಟು ಕೆಳಗೇ ಬೀಳುತ್ತಿತ್ತು. ಅದೊಂದೇ ಕೊರಗು.

ಸಣ್ಣಸ್ವಾಮಿ ಹೋಗಿ ಪರಮೇಶಪ್ಪನ ಜೊತೆ ಎಂದಿನಂತೆ ವ್ಯಾಪಾರ ಮುಗಿಸಿ, ಬಿಳಿ ಎತ್ತಿನ ಹಗ್ಗ ಹಿಡಿದು ಬಂದ. "ಈಗ ಎತ್ತು ನಂದು. ನಿಮ್ಗೆ ಮಾರ್ತೀನಿ, ಹಾಕಿ ಕೈ," ಎಂದ. ಇಡೀ ಸಂತೆಯಲ್ಲಿ ಅವನೊಬ್ಬನಾದರೂ ಕೈ ಚಾಚಿದನಲ್ಲ! ಚನ್ನಮಲ್ಲಪ್ಪ ಸಂತೋಷದಿಂದ ಕೈ ಹಾಕಿದ. ಸಣ್ಣಸ್ವಾಮಿ ಬಾಗಿ ವಂದಿಸಿದ. ಗುರುವೂ ವಂದಿಸಿದ. ಮೂಗಿನ ಮುಂದೆ ಏನೋ ಸುಯ್ಯೆಂದಿತು. ಗುರು ಧೂಳಿನಲ್ಲಿ ಮಂಡಿಯೂರಿದ್ದ.

"ತಂದಿರೋ ದುಡ್ಡೆಲ್ಲ ಕೊಡ್ತೀರಿ," ಎಂದ ಸಣ್ಣಸ್ವಾಮಿ, ಎಲ್ಲರಿಗೂ ಕೇಳುವಂತೆ. "ಜೊತೆಗೆ ಮನೇಲಿರೋ ಕೆಂಚನ್ನೂ ಕೊಡ್ತೀರಿ. ಏನಂತೀರಿ?"

ಕೆಂಚ ಹೋದರೆ ಬಿಳಿ ಎತ್ತಿಗೆ ಜೊತೆ ಆ ಮಲಗುವ ಎತ್ತೇ! ಚನ್ನಮಲ್ಲಪ್ಪ "ಸಾಕು, ಸಾಕು" ಎಂದ. ಸಣ್ಣಸ್ವಾಮಿ ಬಿಡಲಿಲ್ಲ. ಆ ನಿಯಮವನ್ನು ಅವನು ಕಲಿತೇ ಇರಲಿಲ್ಲ.

"ಒಪ್ಪಿದೆ ಮಾರಾಯ, ಒಪ್ಪಿದೆ!"

ಸಣ್ಣಸ್ವಾಮಿ ಹಿಡಿತ ಸಡಿಲಿಸಲು ಹೋದ. ಆಗ ಜಾರಿಬಿದ್ದ ಟವೆಲ್ಲಿನ ಸಂದಿಯಿಂದ ಚನ್ನಮಲ್ಲಪ್ಪನಿಗೆ ಆ ಹೆಬ್ಬೆರಳು ಕಾಣಿಸಿತು. ಅವನ ಮುಖ ಅರಳಿತು.

"ತಡೀರಿ, ತಡೀರಿ, ಬಿಡಬೇಡಿ!" ಎಂದು ಮಂಡಿಯ ಮೇಲಿಂದಲೇ ಜನರನ್ನು ಕೂಗಿ ಕರೆದ. "ಎಲ್ಲಾ ಬಂದು ನೋಡ್ರಪ್ಪಾ, ಹೆಬ್ಬೆರಳು ಈಗ ಎಷ್ಟು ಸರಿಯಾಗಿ ಬಿದ್ದಿದೆ!"