ಕಂಪ್ಯೂಟರಿಗೆ ಕಸಿ ಕಟ್ಟಿದ ಮಾವ

ನಮ್ಮ ಸೋದರಮಾವನ ಪ್ರಕಾರ ಈ ಲೋಕದಲ್ಲಿರುವುದೆಲ್ಲ ಮಾವಿನ ಮರವೇ. ಮನುಷ್ಯರಲ್ಲಿ ಎರಡೇ ಜಾತಿ: ಕಸಿ ಮತ್ತು ನಾಟಿ. ಚುನಾವಣೆಗೆ ನಿಂತವರೆಲ್ಲ ಹೂವು ಜಾಸ್ತಿ, ಕಾಯಿ ಕಡಿಮೆ. ನಾನು ತೋತಾಪುರಿಯಂತೆ. ಯಾಕೆ ಮಾವ ಅಂದರೆ, "ಗಿಣಿಮೂತಿ ಕಣೋ. ಕೊಕ್ಕು ಉದ್ದ, ರುಚಿ ಅಷ್ಟಕ್ಕಷ್ಟೆ" ಅಂದ. ಫ್ಯಾಕ್ಟರಿ ಕೆಲಸದ ಜೊತೆಗೆ ಮದುವೆಮನೆಗಳಲ್ಲಿ ಮಿಮಿಕ್ರಿ ಮಾಡಿಕೊಂಡು ತಿರುಗುವ ನನ್ನ ಬಗ್ಗೆ ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ಸರಿಯಾದ ವಿಮರ್ಶೆ ಇನ್ನೊಂದು ಬಂದಿಲ್ಲ!

ಶ್ರೀನಿವಾಸಪುರದ ಸುತ್ತಮುತ್ತ ಮಾವಿನ ಮಾತಾಡುವುದು ಹುಚ್ಚೇನಲ್ಲ, ಆಡದಿದ್ದರೇ ಅನುಮಾನ. ಆದರೆ ಆ ವಿದ್ಯೆಯನ್ನು ಕಂಪ್ಯೂಟರಿನ ಮೇಲೆ ಪ್ರಯೋಗ ಮಾಡಿದವನು ನಮ್ಮ ಮಾವನೊಬ್ಬನೇ ಇರಬೇಕು.

ನಾನು ಹೈಸ್ಕೂಲು ಓದಿದ್ದು ಮಾವನ ಮನೆಯಲ್ಲಿ. ಆಗ ನನಗೆಂದು ತಂದ ಡೆಸ್ಕ್‌ಟಾಪ್ ಅದು. ಈಗ ಅದರ ಬಣ್ಣ ಎಲೆಅಡಿಕೆ ಹಾಕುವವರ ಹಲ್ಲಿನ ಬಣ್ಣ. ಆನ್ ಮಾಡಿದರೆ ರಾಗಿ ಮಿಷನ್ ಶುರುವಾದ ಸದ್ದು. ಆ ಸದ್ದನ್ನೂ ನಾನು ವೇದಿಕೆ ಮೇಲೆ ಮಾಡಿ ಚಪ್ಪಾಳೆ ಗಿಟ್ಟಿಸಿದ್ದೇನೆ, ಬಿಡಿ.

ಇಂಥ ಡಬ್ಬವನ್ನು ಮಾವ ಗುಜರಿಗೆ ಹಾಕದೆ ಇಟ್ಟುಕೊಂಡಿದ್ದಕ್ಕೆ ಕಾರಣ ಒಂದೇ ಒಂದು ರೆಕಾರ್ಡಿಂಗ್. ತಾತ, ಅಂದರೆ ಮಾವನ ಅಪ್ಪ, ತೀರಿಕೊಂಡಾಗ ಉಳಿದದ್ದು ಒಂದು ಫೋಟೊ. ಧ್ವನಿಯನ್ನು ಯಾರೂ ಹಿಡಿದಿಟ್ಟಿರಲಿಲ್ಲ. ಆದರೆ ಅದಕ್ಕೂ ಮುಂಚೆ ಒಂದು ದಿನ ನಾನು ಅಗ್ಗದ ಮೈಕೊಂದನ್ನು ಚುಚ್ಚಿ, ಜಗಲಿಯ ಮೇಲಿಂದ ತಾತ ಕೂಗುವುದನ್ನು ಅಣಕಿಸಿದ್ದೆ: "ಲೇ, ತೋಟದ ಗೇಟ್ ಹಾಕ್ದೇನ್ಲಾ?" ಅಷ್ಟೇ. ಕೊನೆಗೆ ತಡೆಯಲಾರದೆ ಕಿಸಕ್ಕನೆ ನಕ್ಕದ್ದೂ ಅದರಲ್ಲಿ ಸೇರಿಕೊಂಡಿತ್ತು.

ಮಾವ ದಿನಾ ಸಂಜೆ ತೋಟದಿಂದ ಬಂದು, ಕಾಲು ತೊಳೆದು, ಅದನ್ನು ಹಾಕುತ್ತಿದ್ದ. ಕಂಪ್ಯೂಟರು ಕೇಳುತ್ತಿತ್ತು. ಮಾವ "ಹಾಕ್ದೆ ನಾಯ್ನಾ" ಅನ್ನುತ್ತಿದ್ದ. ಅವರಪ್ಪನನ್ನು ಕರೆಯುತ್ತಿದ್ದದ್ದೇ ಹಾಗೆ, ತೆಲುಗಿನಲ್ಲಿ. ಆಮೇಲೆ ಕಾಫಿ. "ನಾನು ಕೇಳಿದ್ರೆ ಹೂಂ ಅನ್ನಲ್ಲ, ಡಬ್ಬ ಕೇಳಿದ್ರೆ ಉತ್ರ ಕೊಡ್ತಾರೆ" ಎಂದು ಅತ್ತೆ ಗೊಣಗುತ್ತಿದ್ದಳು.

ಫೋನಿಗೆ ಹಾಕಿಕೊಡುತ್ತೇನೆ ಅಂದೆ. ಮಾವ ಒಪ್ಪಲಿಲ್ಲ. "ಹಣ್ಣು ಮರದಲ್ಲೇ ಇರ್ಲಿ. ಫೋನು ಅಂದ್ರೆ ಬುಟ್ಟಿ ಕಣೋ, ನಾಲ್ಕು ದಿನಕ್ಕೆ ಕೊಳೆಯುತ್ತೆ." ಆಗ ಅವನು ತೋಟಕ್ಕೆ ಹೋದ ಹೊತ್ತು ನೋಡಿ ಕದ್ದು ಒಂದು ಕಾಪಿ ಮಾಡಿಕೊಳ್ಳಬೇಕಿತ್ತು. ಅದೇ ತೋಟದಲ್ಲಿ ಎಷ್ಟು ಕಾಯಿ ಕದ್ದಿಲ್ಲ ನಾನು? ಕದಿಯಲೇಬೇಕಾದ್ದನ್ನು ಮಾತ್ರ ಕದಿಯಲಿಲ್ಲ.

ಹೀಗಿರುವಾಗ ಕಂಪ್ಯೂಟರು ಮಧ್ಯೆ ಮಧ್ಯೆ ಮೂರ್ಛೆ ಹೋಗತೊಡಗಿತು. ಕೋಲಾರದ ರಿಪೇರಿ ಅಂಗಡಿಯವನು, ಇದರಲ್ಲಿರುವ ಆಪರೇಟಿಂಗ್ ಸಿಸ್ಟಮ್ಮಿಗೆ ಈಗ ದಿಕ್ಕುದೆಸೆ ಇಲ್ಲ, ಒಂದು ದಿನ ಒಳಗಿರುವುದೆಲ್ಲ ಹೋಗುತ್ತೆ, ಹೊಸದು ಇದಕ್ಕೆ ಕೂರಲ್ಲ, ಬೇರೆ ಕಂಪ್ಯೂಟರ್ ತಗೊಳ್ಳಿ ಅಂದನಂತೆ. ಮಾವನ ಕಿವಿಗೆ ಬಿದ್ದದ್ದು 'ಎಲ್ಲ ಹೋಗುತ್ತೆ' ಅನ್ನುವುದು ಮಾತ್ರ. ಮುಳಬಾಗಿಲಿನಲ್ಲಿ ಯಾರನ್ನೋ ಹಿಡಿದು, ಹೊಸ ಸಿಸ್ಟಮ್ ತುಂಬಿದ ಪೆನ್ ಡ್ರೈವ್ ತಂದೇಬಿಟ್ಟ. ಮಾವ ಅದನ್ನು ಕರೆದದ್ದು 'ಕಸಿಕಡ್ಡಿ' ಅಂತ!

ನಾನು ವೇಮಗಲ್ ಫ್ಯಾಕ್ಟರಿಯಲ್ಲಿ ಶಿಫ್ಟಿನಲ್ಲಿದ್ದಾಗ ಮಾವನ ಫೋನು ಬಂತು. "ಈ ಕಂಪ್ಯೂಟ್ರು ತಕ್ಕದ್ದಲ್ಲ ಅಂತ ಬರ್ತಿದೆ ಕಣೋ. ಹಂಗನ್ನೋಕೆ ಅವ್ನ್ಯಾರು? ಹೆಣ್ಣು ನೋಡೋಕೆ ಬಂದವ್ನಾ?"

ಭಾನುವಾರ ಬರುತ್ತೇನೆ, ಅಲ್ಲಿಯವರೆಗೆ ಮುಟ್ಟಬೇಡ ಅಂದೆ. ಹೂಂ ಅಂದ. ಆದರೆ ಕಸಿಕಡ್ಡಿ ಕೈಗೆ ಬಂದಮೇಲೆ ಕಾಯುವುದುಂಟೇ? ಒಣಗುತ್ತದಲ್ಲ! ಯಾವುದೋ ವಿಡಿಯೊ ನೋಡಿ, 'ತಕ್ಕದ್ದಲ್ಲ' ಅನ್ನುವವನ ಕಣ್ಣು ತಪ್ಪಿಸಿ ಹಿಂಬಾಗಿಲಿನಿಂದ ನುಗ್ಗುವ ದಾರಿ ಕಲಿತು, ಶುಕ್ರವಾರ ರಾಹುಕಾಲ ಕಳೆದಮೇಲೆ ಕೆಲಸ ಶುರುಮಾಡಿದ್ದಾನೆ.

ಭಾನುವಾರ ಹೋಗಿ ನೋಡಿದರೆ ಡಬ್ಬದ ಸುತ್ತ ಒದ್ದೆ ಗೋಣಿತಾಟು! ಬಿಸಿಯಾಗಬಾರದಂತೆ. ಜೋರಾಗಿ ಮಾತಾಡಕೂಡದಂತೆ, ಹೊಸ ಕಸಿಗೆ ದೃಷ್ಟಿಯಾಗುತ್ತದಂತೆ. "ನಂಗೇ ಗೋಣಿ ಸುತ್ತಿಲ್ಲ, ಅದೇ ಪುಣ್ಯ" ಅಂದಳು ಅತ್ತೆ. ಪರದೆ ಮಾತ್ರ ಹೊಸ ಮದುಮಗನ ಹಾಗೆ ಹೊಳೆಯುತ್ತಿತ್ತು. ಒಂದು ಕ್ಲಿಕ್ಕಿಗೂ ಇನ್ನೊಂದಕ್ಕೂ ನಡುವೆ ಒಂದು ಲೋಟ ಟೀ ಕುಡಿಯಬಹುದಿತ್ತು, ಅದು ಬೇರೆ ಮಾತು. ಎಲ್ಲರೂ ತಕ್ಕದ್ದಲ್ಲ ಅಂದ ಕಂಪ್ಯೂಟರು ನಡೆಯುತ್ತಿತ್ತು. ನಾನು ನಿಜವಾಗಿಯೂ ಚಪ್ಪಾಳೆ ತಟ್ಟಿದೆ.

"ಸರಿ, ಈಗ ನಾಯ್ನನ್ನ ಹಾಕು" ಅಂದ ಮಾವ. "ಹೊಸ ಮನೇಲಿ ಎಲ್ಲಿಟ್ಟವ್ನೋ, ನಂಗೆ ಸಿಗ್ತಿಲ್ಲ."

ಹುಡುಕಿದೆ. ಮತ್ತೆ ಹುಡುಕಿದೆ. ಆಮೇಲೆ ಮೆಲ್ಲಗೆ ಕೇಳಿದೆ, ಹಳೆಯದನ್ನೆಲ್ಲ ಅಳಿಸಲಾ ಅಂತ ಅದು ಕೇಳಿತ್ತಾ?

"ಕೇಳ್ತು. ಹೂಂ ಅಂದೆ."

"ಯಾಕ್ ಮಾವ?"

"ಯಾಕೆ ಅಂದ್ರೆ? ಹಳೇ ಮರಕ್ಕೆ ಕಸಿ ಕಟ್ಬೇಕಾದ್ರೆ ಕೊಂಬೆಯೆಲ್ಲ ಬೋಳಿಸ್ಬೇಕಲ್ಲೋ. ಬುಡ ಇದೆಯಲ್ಲ, ಚಿಗುರುತ್ತೆ."

ನೂರು ಜನರ ಧ್ವನಿ ಮಾಡುವವನು ನಾನು. ಆ ಸುದ್ದಿ ಹೇಳುವುದಕ್ಕೆ ಯಾರ ಧ್ವನಿಯೂ ಸಿಗಲಿಲ್ಲ. ನನ್ನದರಲ್ಲೇ ಹೇಳಿದೆ, ಕಂಪ್ಯೂಟರಿಗೆ ಬುಡ ಇರುವುದಿಲ್ಲ ಮಾವ ಅಂತ.

ಮಾರನೆಯ ದಿನ ರಜ ಹಾಕಿ ಡಿಸ್ಕನ್ನು ಕೋಲಾರಕ್ಕೆ ಒಯ್ದೆ. ಅಳಿಸಿದ ಜಾಗದ ಮೇಲೆ ಹೊಸದು ಬರೆದಾಗಿದೆ, ಇನ್ನು ಸಿಗುವುದಿಲ್ಲ ಅಂದರು. ವಾಪಸು ಬಂದು ಜೋಡಿಸಿಟ್ಟೆ. ಮಾವ ಗೋಣಿತಾಟನ್ನು ಬಿಚ್ಚಿ ಹಿತ್ತಲಿನಲ್ಲಿ ಒಣಹಾಕಿ ತೋಟಕ್ಕೆ ಹೋದ.

ಸಂಜೆ ಬಂದ, ಕಾಲು ತೊಳೆದ, ಅಭ್ಯಾಸಬಲದಿಂದ ಅದರ ಮುಂದೆ ಕುಳಿತ. ಕೇಳುವವರು ಯಾರೂ ಇರಲಿಲ್ಲ. ಅಡುಗೆಮನೆಯಿಂದ ಅತ್ತೆ ನನ್ನ ಕಡೆ ನೋಡಿದಳು. ನಾನು ಬಾಗಿಲ ಮರೆಯಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು ಕೂಗಿದೆ: "ಲೇ, ತೋಟದ ಗೇಟ್ ಹಾಕ್ದೇನ್ಲಾ?"

ಹೊಗಳಿಕೊಳ್ಳುತ್ತಿಲ್ಲ, ಹೈಸ್ಕೂಲಿನಲ್ಲಿ ಮಾಡಿದ್ದಕ್ಕಿಂತ ಹತ್ತು ಪಾಲು ಚೆನ್ನಾಗಿತ್ತು. ಅತ್ತೆ ಗಡಬಡಿಸಿ ಸೆರಗು ಹೊದ್ದುಕೊಂಡಳು. ಮಾವ ಅರ್ಧ ಎದ್ದೇಬಿಟ್ಟ.

"ಹಾಕ್ದೆ ನಾಯ್ನಾ."

ಆಮೇಲೂ ಅವನು ಹಾಗೆಯೇ ಇನ್ನೇನನ್ನೋ ಕಾಯುತ್ತ ನಿಂತಿದ್ದ.

"ಕೊನೇಲಿ ಒಂದು ನಗು ಇತ್ತಲ್ಲೋ" ಅಂದ. "ಅದು ಮಾಡು."

ಮಾಡಿದೆ. ವೇದಿಕೆಯ ನಗು ಬಂತು. ಅದಲ್ಲ ಅಂದ. ಧ್ವನಿ ಸಣ್ಣ ಮಾಡಿ ಇನ್ನೊಂದು ನಕ್ಕೆ. ಅದೂ ಅಲ್ಲವಂತೆ. ಊರಿನವರನ್ನೆಲ್ಲ ಅಣಕಿಸುವವನಿಗೆ ಹೈಸ್ಕೂಲಿನ ಆ ಹುಡುಗ ಮಾತ್ರ ಬರಲಿಲ್ಲ. ಇಷ್ಟು ವರ್ಷ ದಿನಾ ಸಂಜೆ ಮಾವ ಕೇಳಿಸಿಕೊಳ್ಳುತ್ತಿದ್ದದ್ದು ಯಾರನ್ನು ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ಮಾವ ಬಾಗಿಲ ಹಿಂದೆ ಬಂದ. ಮರವನ್ನು ತಟ್ಟಿ ನೋಡುವ ಹಾಗೆ ನನ್ನ ಬೆನ್ನು ತಟ್ಟಿದ.

"ಹೋಗ್ಲಿ ಬಿಡೋ. ಬುಡ ಇದೆಯಲ್ಲ" ಅಂದು, ಹಾಕಿಲ್ಲದ ಗೇಟು ಹಾಕಿಬರಲು ತೋಟದ ಕಡೆ ಹೊರಟ.