ವಿಮಾನ ಹತ್ತದ ಟ್ರೈಪಾಡ್

ವಿಮಾನವನ್ನು ಒಮ್ಮೆಯೂ ಹತ್ತದವರಿಗೆ ವಿಮಾನದ ಬಗ್ಗೆ ತಿಳಿದಿರುವಷ್ಟು ಅದನ್ನು ಓಡಿಸುವವರಿಗೂ ತಿಳಿದಿರಲಾರದು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಹತ್ತಿ ಇಳಿದವರು ಪಾಪ, "ಹೋದ್ವಿ, ಬಂದ್ವಿ, ಕಾಫಿ ಬಲು ದುಬಾರಿ" ಎಂದು ಸುಮ್ಮನಾಗುತ್ತಾರೆ. ಹತ್ತದವರು ಹಾಗಲ್ಲ. ರೆಕ್ಕೆಯ ಹತ್ತಿರದ ಸೀಟು ಒಳ್ಳೆಯದೋ ಬಾಲದ ಹತ್ತಿರದ್ದೋ ಎಂಬಲ್ಲಿಂದ ಹಿಡಿದು, ಹತ್ತುವ ಮುಂಚೆ ಮೊಸರನ್ನ ತಿನ್ನಬಹುದೇ ಎಂಬವರೆಗೆ ಅವರಲ್ಲಿ ಉತ್ತರ ಸಿದ್ಧವಿರುತ್ತದೆ. ಅಂಥ ಒಬ್ಬ ಮಹಾಪಂಡಿತರನ್ನು ನಾನು ಮದುವೆಯಾಗಿದ್ದೇನೆ. ಅವರು ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಮೇಲ್ವಿಚಾರಕರು. ಮಿಲ್ಲಿನಲ್ಲಿ ಯಾರೂ ಅವರ ಮಾತು ಕೇಳುವುದಿಲ್ಲವಾದ್ದರಿಂದ ಮೇಲ್ವಿಚಾರಣೆಯನ್ನೆಲ್ಲ ಉಳಿಸಿಕೊಂಡು ಸಂಜೆ ಮನೆಗೆ ತರುತ್ತಾರೆ.

ನನ್ನ ತವರು ಮೊಳಕಾಲ್ಮೂರು. ತಮ್ಮ ಓಬಳೇಶ ಅಲ್ಲಿ ರೇಷ್ಮೆ ಸೀರೆ ನೇಯುತ್ತಾನೆ. ಅವನ ಮತ್ತು ಅಕ್ಕಪಕ್ಕದ ಮಗ್ಗದವರ ಸೀರೆಗಳನ್ನು ನಾನು ಚಳ್ಳಕೆರೆಯ ನಮ್ಮ ನಡುಮನೆಯಲ್ಲಿ ನಿಂತು, ಮೊಬೈಲಿನಲ್ಲಿ ನೇರಪ್ರಸಾರ ಮಾಡಿ ಮಾರುತ್ತೇನೆ. ಈ ವ್ಯಾಪಾರದಲ್ಲಿ ನನಗಿದ್ದ ಏಕೈಕ ನೌಕರನೆಂದರೆ ಒಂದು ಟ್ರೈಪಾಡ್. ಮೂರು ಕಾಲಿನ ಮೇಲೆ ಮೊಬೈಲ್ ಹೊತ್ತು, ಎಷ್ಟು ಹೊತ್ತಾದರೂ ತುಟಿಪಿಟಕ್ಕೆನ್ನದೆ ನಿಲ್ಲುತ್ತಿತ್ತು. ಇಂಥ ಗುಣ ನಮ್ಮ ಮನೆಯಲ್ಲಿ ಬೇರೆ ಯಾರಿಗೂ ಇರಲಿಲ್ಲ.

ಹೀಗಿರುವಾಗ ದೆಹಲಿಯ ಒಂದು ಕೈಮಗ್ಗ ಮೇಳದವರು ನನ್ನನ್ನು ಕರೆದರು. ಮಳಿಗೆ ಅವರದೇ, ಇಬ್ಬರಿಗೆ ವಿಮಾನದ ಟಿಕೆಟ್ಟೂ ಅವರದೇ. "ಅಕ್ಕಾ, ಈ ಸಲ ಸೀರೆ ಹೋಗ್ಲಿಲ್ಲ ಅಂದ್ರೆ ಮಗ್ಗ ನಿಲ್ಲಿಸ್ಬೇಕಾಗತೈತೆ. ಮನೆ ತುಂಬ ಸೀರೆ ಬಿದ್ದಾವೆ" ಎಂದು ಓಬಳೇಶ ಎಲ್ಲವನ್ನೂ ತಂದು ನಮ್ಮ ಮಂಚದ ಮೇಲೆ ಪೇರಿಸಿ ಹೋದ. ಮಳಿಗೆಗೆ ಬಂದವರಿಗೆ ಮಾರುವುದರ ಜೊತೆಗೆ ಅಲ್ಲಿಂದಲೇ ನೇರಪ್ರಸಾರವನ್ನೂ ಮಾಡುವುದೆಂದು ನಾನು ತೀರ್ಮಾನಿಸಿದೆ. ಅಂದಮೇಲೆ ಟ್ರೈಪಾಡ್ ವಿಮಾನ ಹತ್ತಲೇಬೇಕು.

ಪಂಡಿತರು ಕೂಡಲೇ ಕಾರ್ಯಪ್ರವೃತ್ತರಾದರು. ವಿಡಿಯೋಗಳನ್ನು ನೋಡಿ ನೋಡಿ, ಅದರ ತಲೆಯನ್ನು ತಿರುಗಿಸಿ ಬಿಚ್ಚಿದರು; ಕಾಲುಗಳನ್ನು ಮಡಿಸಿ ನನ್ನ ಹೊಸ ಟವೆಲ್ಲುಗಳಲ್ಲಿ ಸುತ್ತಿದರು; ತಿರುಪುಗಳನ್ನು ನನ್ನ ಕುಂಕುಮದ ಡಬ್ಬಿಗೆ ತುಂಬಿದರು. ಎಲ್ಲವನ್ನೂ ದೊಡ್ಡ ಸೂಟ್‌ಕೇಸಿನ ನಟ್ಟನಡುವೆ ಮಲಗಿಸಿ, ಸುತ್ತಲೂ ತಮ್ಮ ಪಂಚೆ ಬನಿಯನ್ನುಗಳನ್ನು ಒತ್ತಿದರು. "ಇದು ಸೂಟ್‌ಕೇಸಲ್ಲೇ ಹೋಗ್ಬೇಕು ಕಣೆ, ಕೈಯಾಗೆ ಹಿಡ್ಕಂಡು ಹೋದ್ರೆ ಬಿಡಲ್ಲ" ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ಒಪ್ಪುತ್ತಿದ್ದೆನೇನೋ. ಆದರೆ ವಿಮಾನ ನಿಲ್ದಾಣದಲ್ಲಿ ಸಾಮಾನನ್ನು ಎಸೆದಾಡುತ್ತಾರೆಂದು ಯಾರೋ ಹೇಳಿದ್ದು ಅವರ ತಲೆ ಹೊಕ್ಕಿತ್ತು. ಪರೀಕ್ಷೆ ಆಗಲೇಬೇಕೆಂದು ಸೂಟ್‌ಕೇಸನ್ನು ಮಾಳಿಗೆಗೆ ಹೊತ್ತೊಯ್ದು, ಮೆಟ್ಟಿಲ ಮೇಲಿಂದ ಉರುಳಿಸಿಯೇ ಬಿಟ್ಟರು.

ಅದು ದಡಬಡ ಉರುಳಿಕೊಂಡು ಗೇಟು ದಾಟಿ ಬೀದಿಗೆ ಬಿತ್ತು. ಎದುರು ಮನೆಯ ಪಾಲಮ್ಮ ಓಡಿಬಂದಳು. "ಎಷ್ಟೇ ಜಗಳ ಆಗ್ಲಿ ತಿಪ್ಪೇಸ್ವಾಮಿ, ಹೆಂಡ್ತಿ ಸೂಟ್‌ಕೇಸ್ ಬೀದಿಗೆ ಎಸೀತಾರಾ? ಆಯಮ್ಮ ಮೊಳಕಾಲ್ಮೂರಿಗೆ ಹೊಂಟೋದ್ರೆ ನಿನಗೆ ಮುದ್ದೆ ತಿರುವೋರು ಯಾರು?"

"ಏನೂ ಇಲ್ಲ ಬಿಡಮ್ಮ, ಟೆಸ್ಟು" ಎಂದರು ಇವರು ಮೇಲಿನಿಂದ.

ಪಾಲಮ್ಮ ನನ್ನ ಕೈ ಹಿಡಿದು ಕಣ್ಣು ತುಂಬಿಕೊಂಡಳು. ಸಂಜೆಯ ಹೊತ್ತಿಗೆ ಸುದ್ದಿ ತವರು ಮುಟ್ಟಿ, "ಅಕ್ಕಾ, ಬಸ್ಸಿಗೆ ಬರ್ತೀಯಾ, ನಾನೇ ಬಂದು ಕರ್ಕಂಡು ಬರ್ಲಾ?" ಎಂದು ಓಬಳೇಶ ಫೋನು ಮಾಡಿದ.

ಪರೀಕ್ಷೆಯಲ್ಲಿ ಟ್ರೈಪಾಡ್ ಉತ್ತಮ ದರ್ಜೆಯಲ್ಲಿ ತೇರ್ಗಡೆಯಾಯಿತು. ಸೂಟ್‌ಕೇಸಿನ ಚಕ್ರ ಮಾತ್ರ ಕಳಚಿ ಚರಂಡಿ ಸೇರಿತು. ನನಗೆ ಅಷ್ಟು ಸಾಕಾಯಿತು. "ಇಷ್ಟು ಗಟ್ಟಿ ಸೂಟ್‌ಕೇಸಿಗೇ ಈ ಗತಿಯಾದ್ರೆ ಅದರೊಳಗೆ ನನ್ನ ಟ್ರೈಪಾಡ್ ಕಳಿಸಲ್ಲ. ನಾನೇ ಕೈಯಾಗೆ ಒಯ್ತೀನಿ" ಎಂದು ಘೋಷಿಸಿದೆ. ಅವರು ಎರಡು ಮಾತು ವಾದಿಸಿದರು. ಪರಶುರಾಂಪುರದ ಕಡೆಯವರಾದ ನಮ್ಮ ಅತ್ತೆ ಎಂದೂ ಮಗನ ಪಕ್ಷ ವಹಿಸಿದವರಲ್ಲ. "ಆಕಿ ಸಾಮಾನು, ಆಕಿ ಇಷ್ಟ. ನೀನು ಸುಮ್ಕಿರು" ಎಂದು ಗದರಿ, ತಮ್ಮ ಕರಿ ಕಂಬಳಿಯಲ್ಲಿ ಟ್ರೈಪಾಡನ್ನು ಹಸುಗೂಸಿನಂತೆ ಸುತ್ತಿ ನನ್ನ ಕೈಗಿಟ್ಟರು.

ಬೆಂಗಳೂರಿನ ನಿಲ್ದಾಣದ ಕೌಂಟರಿನಲ್ಲಿ ಸೀರೆಯ ಪೆಟ್ಟಿಗೆಗಳನ್ನು ತೂಗಿ ಒಳಗೆ ಕಳಿಸಿದ ಹುಡುಗಿ ನನ್ನ ಕಂಕುಳ ಕಡೆ ನೋಡಿ, "ಅದೇನು ಮೇಡಂ?" ಎಂದಳು.

"ಕಂಬಳಿ" ಎಂದೆ. ಸುಳ್ಳಂತೂ ಅಲ್ಲ. ಪಕ್ಕದಲ್ಲಿದ್ದ ಪಂಡಿತರು ಕೆಮ್ಮಿದರು. ನಾನು ಅವರ ಕಾಲು ತುಳಿದೆ.

ತಪಾಸಣೆಯ ಯಂತ್ರಕ್ಕೆ ಇಷ್ಟು ಸೂಕ್ಷ್ಮ ತಿಳಿಯಬೇಕಲ್ಲ! ಕಂಬಳಿಯನ್ನು ಬಿಟ್ಟು ಅದರೊಳಗಿನ ಮೂರು ಕೊಳವೆಗಳನ್ನೇ ಪರದೆಯ ಮೇಲೆ ತೋರಿಸಿತು. ಅಧಿಕಾರಿಯೊಬ್ಬರು ಹಿಂದಿಯಲ್ಲಿ ಇದೇನೆಂದು ಕೇಳಿದರು. ನನಗೆ ಹಿಂದಿ ಬಾರದು. ಇವರಿಗೆ ಚಳ್ಳಕೆರೆಯ ಮಾರುಕಟ್ಟೆಯಲ್ಲಿ ಸಾಬರ ಜೊತೆ ಶೇಂಗಾ ವ್ಯಾಪಾರ ಮಾಡಿ ಕಲಿತ ಉರ್ದು ಬರುತ್ತದೆ. ಎದೆ ಮುಂದೆ ಮಾಡಿ, ಚಿಂತೆ ಬೇಡವೆಂದು ಅಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದರು: "ಫಿಕರ್ ಮತ್ ಕರೋ ಸಾಬ್, ಬಂದೂಕ್ ನಹೀ ಹೈ!"

ಆ ಜಾಗದಲ್ಲಿ ಉಚ್ಚರಿಸಬಾರದ ಪದ ಯಾವುದೆಂದು ಅವರು ನೋಡಿದ ವಿಡಿಯೋಗಳಲ್ಲಿ ಹೇಳಿರಲಿಲ್ಲವೆಂದು ಕಾಣುತ್ತದೆ. ಮುಂದೆ ಬಹಳ ಜನ ನಮ್ಮಲ್ಲಿ ಆಸಕ್ತಿ ತೋರಿಸಿದರು. ಕೈಚೀಲ ಬಿಚ್ಚಿದರು, ಚಪ್ಪಲಿ ಬಿಚ್ಚಿಸಿದರು, ಅತ್ತೆ ಕಟ್ಟಿಕೊಟ್ಟ ಚಟ್ನಿಪುಡಿಯನ್ನೂ ಮೂಸಿದರು. ಕೊನೆಗೆ ನಾವು ನಿರಪಾಯಕಾರಿಗಳೆಂದು ಸಾಬೀತಾಯಿತು, ಟ್ರೈಪಾಡ್ ಮಾತ್ರ ಆಗಲಿಲ್ಲ. ಕೆಲವು ಸಣ್ಣವನ್ನು ಬಿಡುತ್ತಾರಂತೆ. ಇದು ಉದ್ದ, ಕಬ್ಬಿಣದಷ್ಟು ಭಾರ. ವಾಪಸು ಕೌಂಟರಿಗೆ ಹೋಗಿ ಸಾಮಾನಿನ ಜೊತೆ ಹಾಕಿ ಬನ್ನಿ ಎಂದರು. ಅಷ್ಟರಲ್ಲಿ ನಮ್ಮ ವಿಮಾನದ ಕೊನೆಯ ಕರೆ ಕೇಳಿಸಿತು. ನನ್ನ ನಿಷ್ಠಾವಂತ ನೌಕರನನ್ನು ಅಲ್ಲೇ ಬಿಟ್ಟು, ಕಂಬಳಿಯೊಂದನ್ನೇ ಅವುಚಿಕೊಂಡು ಓಡಿದೆ.

ವಿಮಾನದಲ್ಲಿ ನಾನು ಕಾದೆ, ಇವರು ಈಗ ಹೇಳುತ್ತಾರೆ, ಆಗ ಹೇಳುತ್ತಾರೆ, "ನಾನು ಮೊದ್ಲೇ ಹೇಳ್ಲಿಲ್ವಾ?" ಎಂದು. ಹೇಳಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಅವರೋ ಕಿಟಕಿಗೆ ಮೂಗು ಒತ್ತಿ, "ಮೋಡದ ಮ್ಯಾಲೆ ಎಂಥ ಬಿಸಿಲೈತೆ ನೋಡೆ" ಎಂದರು. ಆ ಔದಾರ್ಯವನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ದೆಹಲಿಯ ಮಳಿಗೆಯಲ್ಲಿ ಮೊಬೈಲನ್ನು ಸೀರೆಯ ರಾಶಿಗೆ ಆನಿಸಿದೆ, ಜಾರಿತು. ನೀರಿನ ಬಾಟಲಿಗೆ ಒರಗಿಸಿದೆ, ಬಾಟಲಿಯೇ ಉರುಳಿತು. "ಕೊಡಿಲ್ಲಿ" ಎಂದು ಇವರು ಎರಡೂ ಕೈಯಲ್ಲಿ ಹಿಡಿದು ನಿಂತರು. "ಮಾತಾಡ್ಬ್ಯಾಡ್ರಿ, ಅಲ್ಲಾಡ್ಬ್ಯಾಡ್ರಿ" ಎಂದು ಎಚ್ಚರಿಸಿ, ನಾನು ಗಂಭೀರವಾಗಿ ಶುರು ಮಾಡಿದೆ: "ಆತ್ಮೀಯ ವೀಕ್ಷಕರೇ, ಇದು ಅಪ್ಪಟ ರೇಷ್ಮೆಯ..."

"ಏ, ಪಕ್ಕಕ್ಕೆ ಸರಿಯೇ. ಬರೀ ನಿನ್ ಮುಖ ಐತೆ, ಸೆರಗೇ ಕಾಣ್ತಿಲ್ಲ" ಎಂದಿತು ನನ್ನ ಹೊಸ ಟ್ರೈಪಾಡ್.

ಪರದೆಯ ಮೇಲೆ ನಗುವ ಮುಖಗಳು ಸಾಲುಗಟ್ಟಿದವು. ನಾನು ಕಣ್ಣು ಕೆಂಪಗೆ ಮಾಡಿದೆ. ಅವರು ಅದನ್ನು ಪ್ರೋತ್ಸಾಹವೆಂದು ತಿಳಿದರು. "ನೋಡ್ರಮ್ಮ, ಈ ಸೀರೆ ಉಟ್ಕಂಡು ಶೇಂಗಾ ಬಿಡ್ಸಕ್ಕೆ ಕೂರ್ಬ್ಯಾಡ್ರಿ. ನಾದಿನಿ ಮದ್ವಿಗೆ ಉಡ್ರಿ, ಆಕಿ ಹೊಟ್ಟೆ ಉರೀಬೇಕು! ನೇಯ್ದೋನು ನನ್ ಬಾಮೈದ. ಮಾತು ಕಮ್ಮಿ, ಕೆಲ್ಸ ಗಟ್ಟಿ. ಅವರಕ್ಕಂದು ಇದಕ್ಕೆ ಉಲ್ಟಾ" ಎಂದರು. ನಾನು ಪ್ರಸಾರವನ್ನೇ ನಿಲ್ಲಿಸಿಬಿಡುತ್ತಿದ್ದೆ. ಅಷ್ಟರಲ್ಲಿ ಆ ಸೀರೆ ನನಗಿರಲಿ, ನನಗಿರಲಿ ಎಂದು ಜನ ಬರೆಯತೊಡಗಿದರು.

ಅಂದು ಸಂಜೆ ಓಬಳೇಶನ ಫೋನು. ಗಡಿನಾಡಿನವನಾದ್ದರಿಂದ ಸಂತೋಷವಾದಾಗ ಅವನ ಬಾಯಲ್ಲಿ ತೆಲುಗು ಬರುತ್ತದೆ. "ಅಕ್ಕಾ, ಬಾವಗಾರು ಮಾತಾಡ್ಲಿ, ನೀನು ಅಡ್ಡ ಬರ್ಬ್ಯಾಡ. ಮಗ್ಗದೋರೆಲ್ಲ ಕೆಲ್ಸ ಬಿಟ್ಟು ನಮ್ಮ ಮನ್ಯಾಗೆ ಕೂತು ನೋಡ್ತಾವ್ರೆ" ಎಂದ. ಮೇಳ ಮುಗಿಯುವ ಮುಂಚೆಯೇ ಪೆಟ್ಟಿಗೆಗಳು ಖಾಲಿಯಾದವು. ತಮ್ಮನ ಮಗ್ಗ ಉಳಿಯಿತೆಂದು ಮಳಿಗೆಯ ಮೂಲೆಯಲ್ಲಿ ಕೂತು ಸ್ವಲ್ಪ ಅತ್ತೆ. ಇವರು ಅದನ್ನೂ ಮೊಬೈಲಿನಲ್ಲಿ ಹಿಡಿಯಲು ಬಂದಾಗ ಅಳು ನಿಂತಿತು.

ಊರಿಗೆ ಬಂದವಳೇ ಮೊದಲು ಮಾಡಿದ ಕೆಲಸ, ಹೊಸ ಟ್ರೈಪಾಡ್ ಕೊಂಡದ್ದು. ಅದರ ಮುಂದೆ ನಿಂತು ಇಂಪಾದ ಭಾಷೆಯಲ್ಲಿ ಜರಿಯ ಇತಿಹಾಸ ವಿವರಿಸಿದರೆ, "ಅಣ್ಣ ಎಲ್ಲಿ?" ಎಂಬ ಪ್ರಶ್ನೆಗಳೇ ಬರುತ್ತವೆ. ಅಣ್ಣ ಮಿಲ್ಲಿಗೆ ಹೋಗಿದ್ದಾರೆ ಎಂದರೆ, ಬಂದಮೇಲೆ ತಿಳಿಸಿ ಎಂದು ಹೊರಟುಹೋಗುತ್ತಾರೆ.

ಮೊನ್ನೆ ಕೋಲ್ಕತ್ತದಿಂದ ಇನ್ನೊಂದು ಮೇಳದವರ ಕರೆ ಬಂತು. ಬಂದದ್ದು ನನ್ನ ಫೋನಿಗೇ, ಕೇಳಿದ್ದು ತಿಪ್ಪೇಸ್ವಾಮಿಯವರನ್ನು. ಇವರು ನಡುಮನೆಯಲ್ಲಿ ಅತ್ತಿಂದಿತ್ತ ಓಡಾಡುತ್ತ ಬಹಳ ಹೊತ್ತು ಮಾತಾಡಿದರು. "ಬರ್ತೀನಿ ಸಾರ್... ಇನ್ನೊಂದು ಟಿಕೆಟ್ಟಾ? ಸಹಾಯಕ್ಕೆ ಮನೆಯೋರನ್ನ ಕರ್ಕಂಡ್ ಬರಬಹುದಾ? ಕೇಳಿ ನೋಡ್ತೀನಿ ತಡೀರಿ, ಆಕಿಗೆ ಬಿಡುವೈತೋ ಇಲ್ಲೋ" ಎಂದವರೇ, ಫೋನಿಗೆ ಅಂಗೈ ಮುಚ್ಚಿ ನನ್ನತ್ತ ತಿರುಗಿದರು.

"ಬರ್ತೀಯೇನೆ?"

"ಯೋಚನೆ ಮಾಡಿ ಹೇಳ್ತೀನಿ" ಎಂದು ಸಾಧ್ಯವಾದಷ್ಟು ಬಿಗುಮಾನದಿಂದ ನುಡಿದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಸೂಟ್‌ಕೇಸಿಗೆ ಬಟ್ಟೆ ಮಡಿಸಿಡತೊಡಗಿದೆ.