ಒಂದು ಹನಿ ಎಣ್ಣೆಗೆ ಅರ್ಧ ಮೀಸೆ

ನಗೆಪಾಟಲಿನ ಪ್ರಸಂಗಗಳು ಬೇರೆಯವರ ಮನೆಗೆ ಹಬ್ಬಕ್ಕೊಮ್ಮೆ ಬಂದು ಹೋಗುತ್ತವೆ. ನಮ್ಮ ಮನೆಯಲ್ಲಿ ಕಾಯಂ ಠಿಕಾಣಿ ಹೂಡಿವೆ. ಕಾರಣ ನನ್ನ ಕೈ ಅಲ್ಲ, ಅದು ಬಂಗಾರ. ಮೊರಬದ ಸುತ್ತಮುತ್ತ ಯಾವ ಟ್ರ್ಯಾಕ್ಟರ್ ಕೆಟ್ಟು ಕೂತರೂ, ನನ್ನ ವೆಲ್ಡಿಂಗ್ ಅಂಗಡಿಗೆ ಎಳೆದು ತಂದದ್ದು ತಾನೇ ನಡೆದುಕೊಂಡು ಹೋಗಿದೆ. ಕಾರಣ ನನ್ನ ಬಾಯಿ.

೧. ಬಾವಿ ಮುಚ್ಚಿ ಕೆರೆ

ಮೊಬೈಲಿನಲ್ಲಿ ನೋಡಿ ನೋಡಿ ಹುಚ್ಚು ಹಿಡಿದು ನಾನೊಂದು ಕಿಟ್ ಕಾರು ಕಟ್ಟಿದೆ. ಬಿಡಿಭಾಗ ತರಿಸಿ, ಪೈಪಿನ ಚೌಕಟ್ಟು ನಾನೇ ಬೆಸೆದು ಮಾಡಿದ ಎರಡೇ ಸೀಟಿನ ತಗ್ಗು ಗಾಡಿ. ಎಂಜಿನ್ ಮಾತ್ರ ನಮ್ಮ ಕಾಕಾನ ಹಳೆಯ ಕಾರಿನದು. ಹಿತ್ತಲಿನಲ್ಲಿ ಮೇವಿನ ಕೆಳಗೆ ಮಲಗಿದ್ದನ್ನು ಎಬ್ಬಿಸಿ ತಂದಿದ್ದೆ. ಕೂಡಿಸಿದ ಮೇಲೆ ನೋಡಿದರೆ ಎಂಜಿನ್ನಿನ ತಳದ ಎಣ್ಣೆಪಾತ್ರೆ, ಅಂದರೆ ನಾವು ಸಂಪ್ ಅನ್ನುವುದು, ಚೌಕಟ್ಟಿನಿಂದ ಒಂದು ಗೇಣು ಕೆಳಗೆ ಜೋತು ಬಿದ್ದಿತ್ತು. ಊರೊಳಗಿನ ರಸ್ತೆಯ ಮೊದಲನೇ ಉಬ್ಬಿಗೇ ತಳ ತಾಗಿ ಖರ್ ಅಂದಿತು. ಅದು ಒಡೆದರೆ ಎಣ್ಣೆ ಹೋಯಿತು, ಎಣ್ಣೆ ಹೋದರೆ ಎಂಜಿನ್ ಹೋಯಿತು.

ಸಂಪನ್ನು ಕತ್ತರಿಸಿ ಗಿಡ್ಡ ಮಾಡಿದೆ. ಮೊದಲಿನಷ್ಟೇ ಎಣ್ಣೆ ಹಿಡಿಯಬೇಕೆಂದು ಎರಡೂ ಬಾಜು ತಗಡು ಸೇರಿಸಿ ಅಗಲ ಮಾಡುತ್ತ ಕೂತೆ. ಕಾಕಾ ಬಂದು ನಿಂತ.

"ಏನ್ ನಡಸೀಲೇ?"

"ಆಳ ಕಮ್ಮಿ ಮಾಡಿ ಅಗಲ ಹೆಚ್ಚ ಮಾಡಾಕತ್ತೇನಿ ಕಾಕಾ."

"ಅಂದ್ರ ಬಾವಿ ಮುಚ್ಚಿ ಕೆರಿ ಮಾಡಾಕತ್ತಿ. ಇಷ್ಟ ಜೋಡ ಹಾಕಿದ್ದು ಸೋರದ ಇರತೈತೇನು?"

ಎದುರಿನ ಚಹಾದಂಗಡಿಯ ಮಂದಿಯೆಲ್ಲ ಕಿವಿ ಈ ಕಡೆ ಇಟ್ಟಿದ್ದರು. ನನ್ನ ಬಾಯಿ ಸುಮ್ಮನಿರಲಿಲ್ಲ. "ಸೋಮವಾರ ಕನ್ಯಾ ನೋಡಾಕ ಕುಂದಗೋಳಕ್ಕ ಇದ ಗಾಡ್ಯಾಗ ಹೋಗೂಣು. ಹೋಗಿ ಬರೂತನಕ ನೆಲಕ್ಕ ಒಂದ ಹನಿ ಎಣ್ಣಿ ಬಿದ್ದರ ಅರ್ಧ ಮೀಸಿ ತೆಗಸ್ತೇನಿ."

ಕಾಕಾ ನನ್ನ ಮುಖ ಚಂದಗೆ ನೋಡಿದ. "ಎಡದ್ದೋ, ಬಲದ್ದೋ? ಅದನ್ನೂ ಮಂದಿ ಮುಂದನ ಹೇಳಿಬಿಡು."

೨. ಆಯಿಯ ಎಲೆ-ಅಡಿಕೆ

ಅಂದಿನಿಂದ ಕೈ ಹಗಲೆಲ್ಲ ಮೀಸೆಯ ಮೇಲೆಯೇ. ಇಂಥ ಮೀಸೆ ನಮ್ಮ ಓಣಿಯಲ್ಲಿ ಇನ್ನೊಬ್ಬರಿಗಿಲ್ಲ, ಅದಕ್ಕೇ ಹೆದರಿಕೆ.

ಸಂಪ್ ಸೋರುತ್ತದೋ ಇಲ್ಲವೋ ನೋಡಲು ಒಂದು ಉಪಾಯವಿದೆ. ಹೊರಗೆಲ್ಲ ಸುಣ್ಣ ಬಳಿದು ಒಣಗಿಸಿ, ಒಳಗೆ ಡೀಸೆಲ್ ತುಂಬಿ ಇಡುವುದು. ಬೆಸುಗೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಸುಣ್ಣದ ಮೇಲೆ ಕಲೆ ಮೂಡುತ್ತದೆ. ಮನೆಯ ಕಟ್ಟೆಯ ಮೇಲೆ ಇಟ್ಟು ಕಣ್ಣು ಮಿಟುಕಿಸದೆ ಕಾಯ್ದೆ. ನೊಣ ಕೂತರೂ ಕಲೆಯೇನೋ ಎಂದು ಬಗ್ಗಿ ನೋಡುತ್ತಿದ್ದೆ.

ಎರಡು ತುತ್ತು ರೊಟ್ಟಿ ತಿಂದು ಬರುವಷ್ಟರಲ್ಲಿ ಎರಡು ಮೂಲೆಗಳಲ್ಲಿ ಸುಣ್ಣವೇ ಮಾಯ. ಸುಣ್ಣ ತೊಳೆದು ಹೋಗುವಷ್ಟು ಸೋರಿದೆ ಎಂದು ಮೀಸೆ ಮುಟ್ಟಿಕೊಂಡೆ. ಕಟ್ಟೆಯ ಮೇಲೆ ನಮ್ಮ ಆಯಿ, ಅಪ್ಪನ ತಾಯಿ, ಎಲೆ-ಅಡಿಕೆ ಮೆಲ್ಲುತ್ತ ಕೂತಿದ್ದಳು.

"ಆಯಿ, ಇದನ್ನ ಯಾರರ ಮುಟ್ಟಿದ್ರೇನು?"

"ನಾನ ಚೂರ ಕೆರಕೊಂಡೆ. ಡಬ್ಬ್ಯಾಗ ಸುಣ್ಣ ತೀರಿತ್ತು."

ಹೋದ ಜೀವ ಬಂತು. ಆಯಿ ಇನ್ನೂ ಮುಗಿಸಿರಲಿಲ್ಲ. "ಬಲಕಿನ ಮೂಲಿದು ಚಲೋ ಐತಿ. ಎಡಕಿಂದು ಹಚಗೊಂಡ್ರ ಟ್ರ್ಯಾಕ್ಟರ್ ನೆಕ್ಕಿದಂಗಾತು. ಉಗುಳಿಬಿಟ್ಟೆ."

ಬಂದ ಜೀವ ಮತ್ತೆ ಹೋಯಿತು. ಡೀಸೆಲ್ ಚೆಲ್ಲಿ, ಸೋಪಿನ ಪುಡಿ ಹಾಕಿ ತಿಕ್ಕಿ ತೊಳೆದು, ಎಡಮೂಲೆಯನ್ನು ಮತ್ತೆ ಬೆಸೆದೆ. ಮರುದಿನ ಸುಣ್ಣ ಒಣಗುವ ಮೊದಲೇ ಆಯಿ ಎಲೆ ಹಿಡಿದು ಬಂದು ಕೂತಿದ್ದಳು. "ಇವತ್ತ ಯಾವ ಮೂಲಿಯಿಂದ ಸುರು ಮಾಡ್ಲಿ?"

೩. ಎಣ್ಣೆಗೆ ಒಡ್ಡು

ಈ ಸಲ ಸುಣ್ಣದ ಮೇಲೆ ಕಲೆ ಮೂಡಲಿಲ್ಲ, ಸಂಪ್ ಎಂಜಿನ್ನಿಗೆ ಏರಿತು. ನೆಟ್ಟಗಿನ ರಸ್ತೆಯಲ್ಲಿ ಗಾಡಿ ಹಾವಿನಂತೆ ಹರಿಯಿತು. ಆದರೆ ಹಳ್ಳದ ತಿರುವಿನಲ್ಲಿ, ಎಂಜಿನ್ನಿಗೆ ಎಣ್ಣೆ ಏರುತ್ತಿಲ್ಲ ಎನ್ನುವ ಕೆಂಪು ದೀಪ ಹತ್ತಿತು. ಬಾಜೂ ಸೀಟಿನಲ್ಲಿ ಕಾಕಾ.

"ಆ ಬಲ್ಬ್ ಬಿಚ್ಚಿ ಒಗದುಬಿಡು. ಚಿಂತಿ ಹೋಗ್ತೈತಿ."

"ಎಂಜಿನ್ನೂ ಹೋಗ್ತೈತಿ ಕಾಕಾ. ಸಂಪ್ ಅಗಲ ಆಗೇತಲ್ಲ, ತಿರುವಿನ್ಯಾಗ ಎಣ್ಣಿ ಎಲ್ಲಾ ಒಂದ ಬಾಜು ಓಡಾಕತ್ತೈತಿ."

"ಹೊಲದಾಗ ಮಳಿ ನೀರು ಓಡಿ ಹೋಗಾಕತ್ತಿದ್ರ ಏನ್ ಮಾಡ್ತಾರಲೇ? ಒಡ್ಡು ಹಾಕ್ತಾರ."

ಇದು ನನ್ನ ತಲೆಗೆ ಮೊದಲೇ ಬಂದಿತ್ತು. ಬಾಯಿಗೆ ಬರುವಷ್ಟರಲ್ಲಿ ಕಾಕಾ ಅಂದುಬಿಟ್ಟ, ಅಷ್ಟೇ. ಸಂಪನ್ನು ಬಿಚ್ಚಿ ಒಳಗೆ ತಗಡಿನ ಅಡ್ಡಪಟ್ಟಿ ಬೆಸೆದು, ಎಣ್ಣೆ ನಿಧಾನ ಹಾಯಲು ಸಣ್ಣ ಕಿಂಡಿ ಬಿಟ್ಟೆ. ತಿರುವಿನಲ್ಲಿ ದೀಪ ಹತ್ತಲಿಲ್ಲ. ಸಂಜೆ ಎದೆ ಉಬ್ಬಿಸಿಕೊಂಡು ಚಹಾದಂಗಡಿಗೆ ಹೋದರೆ ಕಾಕಾ ಆಗಲೇ ಅಲ್ಲಿ ಭಾಷಣ ಮಾಡುತ್ತಿದ್ದ: "ಗಾಡಿ ನಾ ಮಾಡೇನಿ. ಹುಡುಗ ವೆಲ್ಡಿಂಗ್ ಹಿಡದಾನ."

೪. ಅವ್ವನ ಲೆಕ್ಕ ಬೇರೆ

ಆಮೇಲೆ ದಿನಾ ಮುಂಜಾನೆ ಕಾಕಾ ನಮ್ಮ ಅಂಗಳಕ್ಕೆ ಬಂದು, ಲುಂಗಿ ಎತ್ತಿ ಕಟ್ಟಿ, ಗಾಡಿಯ ಕೆಳಗೆ ಬಗ್ಗಿ ನೋಡುವುದು ಸುರುವಾಯಿತು. ಹನಿ ಸಿಗಲಿಲ್ಲ. "ಕೆಳಗಿನ ರಂಗೋಲಿ ಸುದ್ದಾ ಹೊಲಸ ಆಗಿಲ್ಲಲೇ," ಎಂದು ಮುಖ ಸಣ್ಣ ಮಾಡಿಕೊಂಡು ಹೋಗುತ್ತಿದ್ದ. ನಾನು ಮೀಸೆಗೆ ಎಣ್ಣೆ ತಿಕ್ಕಿ ಊರೆಲ್ಲ ತಿರುಗಿದೆ.

ಸೋಮವಾರ ಅವ್ವ ಬಸ್ಸಿಗೆ ಹೊರಟಿದ್ದಳು; ಎರಡೇ ಸೀಟಿನ ಗಾಡಿ, ನಾನು ಮತ್ತು ಕಾಕಾ. ಚೀಲ ಹಿಡಿದವಳು ನನ್ನನ್ನು ಬದಿಗೆ ಕರೆದಳು.

"ದಿನಾ ಈ ಅಂಗಳ ಸಾರಸಾಕಿ ಯಾರು?"

"ನೀನ."

"ಗಾಡಿ ಹಿಂದ ದೂಡಿದ್ರ ದಿನಾ ಒಂದ ಹನಿ ಬಿದ್ದಿರ್ತೈತಿ. ನಿನ್ನ ಕಾಕಾ ಬರೂದರಾಗ ಅದರ ಮ್ಯಾಲ ಸಗಣಿ ಬಳದು, ರಂಗೋಲಿ ಹಾಕಿ, ಗಾಡಿ ಮತ್ತ ಮುಂದಕ ತರ್ತೇನಿ."

ನನ್ನ ಬಾಯಿ ಜೀವನದಲ್ಲಿ ಮೊದಲನೇ ಸಲ ಮುಚ್ಚಿತು.

"ಕುಂದಗೋಳದಾಗ ಬೀಗರ ಅಂಗಳ ಸಾರಸಾಕ ನನ್ನ ಕಡಿಂದ ಆಗಂಗಿಲ್ಲಪಾ," ಎಂದು ಅವ್ವ ಬಸ್ ಹಿಡಿದಳು.

೫. ಕನ್ಯಾ ನೋಡಿದ್ದು

ಅವರ ಅಂಗಳ ಆಗಷ್ಟೇ ಸಾರಿಸಿದ್ದು, ಹಸಿಹಸಿ. ಬೇರೆ ಜಾಗ ಹುಡುಕಿದೆ, ಇರಲಿಲ್ಲ. ಗಾಡಿ ನಿಲ್ಲಿಸಿ ಒಳಗೆ ಹೋದೆವು. ಅವ್ವ ಮೊದಲೇ ಬಂದು ಕೂತಿದ್ದಳು. ನನ್ನ ಮುಖ ನೋಡಲಿಲ್ಲ. ಜಮಖಾನೆಯ ಮೇಲೆ ಕಿಟಕಿಗೆ ಎದುರಾಗಿ ಕೂತೆ. ಗಾಡಿ ಕಾಣುತ್ತಿತ್ತು, ಅದರ ಕೆಳಗಿನ ನೆಲ ಕಾಣುತ್ತಿರಲಿಲ್ಲ.

ಮಂಡಕ್ಕಿಯ ಸೂಸಲ ಬಂತು. ನುಂಗಿದೆ, ಉಪ್ಪಿತ್ತೋ ಇಲ್ಲವೋ ಗೊತ್ತಿಲ್ಲ. ಹುಡುಗಿಯ ತಂದೆ ಏನೇನೋ ಕೇಳಿದರು. ಎಲ್ಲದಕ್ಕೂ "ಹೌದ್ರಿ" ಅಂದೆ. ಹುಡುಗಿ ಚಹಾ ತಂದಳು. ಕಪ್ಪು ತಗೊಂಡೆ, ಕಣ್ಣು ಕಿಟಕಿಯಲ್ಲೇ.

"ತಮ್ಮಾ, ಹೊರಗ ಏನರ ಬಿಟ್ಟ ಬಂದೀರೇನು?" ಅಂದರು ತಂದೆ.

ಕಾಕಾ ಚಹಾ ಹೀರುತ್ತ, "ಅವನ ಮೀಸಿ ಹೊರಗ ಐತ್ರಿ," ಎಂದವನೇ, ಸಂಪು, ಹನಿ, ನಾನು ಕಟ್ಟಿದ ಮೀಸೆಯ ಪೈಜು ಎಲ್ಲ ಬಿಡಿಸಿ ಹೇಳಿದ. ಮನೆ ಮಂದಿಯೆಲ್ಲ ಎದ್ದು ಅಂಗಳಕ್ಕೆ ಬಂದರು. ನಾನು, ಕಾಕಾ, ಹುಡುಗಿಯ ತಂದೆ ಮೂವರೂ ಮೊಣಕಾಲೂರಿ ಬಗ್ಗಿದೆವು.

ಹಸಿ ನೆಲದ ಮೇಲೆ, ನಟ್ಟನಡುವೆ, ಕರಿಮಣಿಯಷ್ಟು ದುಂಡಗಿನ ಒಂದು ಹನಿ.

ತಂದೆ ಎದ್ದು ಧೋತರ ಝಾಡಿಸಿಕೊಂಡು, ಮಗಳ ಕಡೆ ತಿರುಗಿದರು. "ನಿಂದೇನವಾ?"

ಹೊಸ್ತಿಲಲ್ಲಿ ನಿಂತಿದ್ದ ಹುಡುಗಿ ನನ್ನ ಮುಖವನ್ನು ಗಿರಾಕಿ ಗಡಿಗೆ ನೋಡುವಂತೆ ಆ ಬಾಜು ಈ ಬಾಜು ನೋಡಿದಳು.

"ಚಹಾ ಕೊಡೂಮುಂದನ ಹೇಳಬೇಕಂತಿದ್ದೆ, ನೀವು ಗಾಡಿ ನೋಡಾಕತ್ತಿದ್ರಿ," ಅಂದಳು. "ಅರ್ಧ ಬ್ಯಾಡ್ರಿ. ಪೂರ್ತಿ ತೆಗಸಿ ಇನ್ನೊಮ್ಮೆ ಬರ್ರಿ."